ಹದಿನಾಲ್ಕು ದಿನದ ಮಾತ್ರೆ

ಮೂವತ್ತು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ ಒಂದು ತೊಟ್ಟು ರಕ್ತ ತೆಗೆಯುವುದು, ಗಾಜಿನ ಮೇಲೆ ಸವರಿ ಒಣಗಿಸಿ ಬಣ್ಣ ಹಾಕುವುದು, ಆಮೇಲೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂರುವುದು. ಲ್ಯಾಬ್ ಟೆಕ್ನಿಷಿಯನ್ ಅನ್ನುವುದು ಕಾಗದದಲ್ಲಿ. ಹಳ್ಳಿಯವರ ಬಾಯಲ್ಲಿ ನಾನು ರಕ್ತದಮ್ಮ. ಶಿರಾದಲ್ಲಿ ಕೆಲಸಕ್ಕೆ ಸೇರಿದೆ, ಕೊರಟಗೆರೆಗೆ ಬಂದೆ, ಪಾವಗಡದ ಕಡೆಗೆ ಹೋಗಲು ಯಾರೂ ಒಪ್ಪದಿದ್ದಾಗ ನನ್ನನ್ನೇ ದಬ್ಬಿದರು, ಕೊನೆಗೆ ಮಧುಗಿರಿ ತಾಲ್ಲೂಕಿನ ಒಂದು ಆರೋಗ್ಯ ಕೇಂದ್ರ. ನಾಲ್ಕೂ ತಾಲ್ಲೂಕಿನ ರಕ್ತ ನೋಡಿದ್ದೇನೆ.

ನಾಲ್ಕು ಕಡೆಯೂ ಕೇಳಿದ್ದು ಒಂದೇ ದೂರು. ಮಲೇರಿಯಾ ಎಂದು ಗೊತ್ತಾದ ಮೇಲೆ ಮೂರು ದಿನಕ್ಕೆ ಒಂದು ಬಗೆಯ ಮಾತ್ರೆ, ಹದಿನಾಲ್ಕು ದಿನಕ್ಕೆ ಇನ್ನೊಂದು ಬಗೆಯ ಮಾತ್ರೆ ಕೊಡುತ್ತೇವೆ. ಮೂರು ದಿನದ್ದನ್ನು ನುಂಗುತ್ತಾರೆ, ಜ್ವರ ಇಳಿಯುತ್ತದೆ, ಹದಿನಾಲ್ಕು ದಿನದ್ದನ್ನು ಗೂಡಿನಲ್ಲಿಟ್ಟು ಮರೆಯುತ್ತಾರೆ. ಯಾಕೆ ಅಂದರೆ ಶಿರಾದಲ್ಲಿ ‘ಗರ್ಮಿ’ ಅಂದರು, ಪಾವಗಡದಲ್ಲಿ ‘ವೇಡಿ’ ಅಂದರು, ನಮ್ಮ ಕಡೆ ‘ಹೀಟು’. “ಮಾತ್ರೆ ಹೀಟಾಗ್ತದೆ ಕಣಮ್ಮ, ಮೈಯೆಲ್ಲಾ ಉರಿ.” ಇದನ್ನು ಕೇಳಿ ಕೇಳಿ ನನ್ನ ತಲೆ ಕೆಟ್ಟುಹೋಗಿತ್ತು. ಮೊಟ್ಟೆ ಹೀಟು, ಪಪ್ಪಾಯಿ ಹೀಟು, ಸರ್ಕಾರ ಪುಕ್ಕಟೆ ಕೊಟ್ಟ ಮಾತ್ರೆಯೂ ಹೀಟು! “ಹೀಟಾದ್ರೆ ಮಜ್ಜಿಗೆ ಕುಡಿ. ಮಾತ್ರೆ ಬುಟ್ಟೀಯ, ಜೋಕೆ!” ಎಂದು ಗದರುತ್ತಿದ್ದೆ. ನನ್ನ ಬಾಯಿಗೆ ಹೆದರಿಯೇ ಮಾತ್ರೆ ಮುಗಿಸಿದವರು ಬಹಳ ಜನ ಇದ್ದಾರೆ. ಅದರ ಬಗ್ಗೆ ನನಗೆ ಹೆಮ್ಮೆಯಿತ್ತು, ಸುಳ್ಳು ಯಾಕೆ ಹೇಳಲಿ.

ಅಷ್ಟು ಗದರುವುದಕ್ಕೆ ಕಾರಣವೂ ಇತ್ತು. ನಾನು ಗಾಜಿನ ಮೇಲೆ ಹೆಚ್ಚಾಗಿ ಕಂಡಿದ್ದು ವೈವಾಕ್ಸ್ ಎಂಬ ಜಾತಿಯ ಮಲೇರಿಯಾ. ಸೊಳ್ಳೆ ಕಚ್ಚಿದಾಗ ಅದರ ರೋಗಾಣು ರಕ್ತದಲ್ಲಿ ನಿಲ್ಲುವುದಿಲ್ಲ, ನೆಟ್ಟಗೆ ಲಿವರಿಗೆ ಹೋಗಿ ಸೇರುತ್ತದೆ. ಅಲ್ಲಿ ಒಂದಿದ್ದದ್ದು ಸಾವಿರಾರು ಆಗಿ, ಒಂದು ದಿನ ರಕ್ತಕ್ಕೆ ನುಗ್ಗಿ ಕೆಂಪು ಕಣಗಳನ್ನು ಒಳಗಿನಿಂದ ತಿನ್ನುತ್ತದೆ. ಆಗಲೇ ಚಳಿ, ನಡುಕ, ಜ್ವರ. ಆಗ ಮಾತ್ರ ಅದು ನನ್ನ ಗಾಜಿನ ಮೇಲೆ ಕಾಣುವುದು: ಕೆಂಪು ಕಣದೊಳಗೆ ಒಂದು ನೀಲಿ ಉಂಗುರ, ಉಂಗುರಕ್ಕೆ ಪುಟ್ಟದೊಂದು ಕೆಂಪು ಹರಳು. ಮೊದಲ ಸಲ ನೋಡಿದವರು ಎಷ್ಟು ಚೆಂದ ಅನ್ನುತ್ತಾರೆ. ಚೆಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಎಲ್ಲವೂ ರಕ್ತಕ್ಕೆ ಬರುವುದಿಲ್ಲ. ಕೆಲವು ಲಿವರಿನಲ್ಲೇ ನಿದ್ದೆ ಹೋಗುತ್ತವೆ. ತಿಂಗಳುಗಟ್ಟಲೆ ಮಲಗಿದ್ದು, ಮನುಷ್ಯ ಜ್ವರವನ್ನು ಮರೆತು ಓಡಾಡಿಕೊಂಡಿರುವಾಗ ಎದ್ದು ಬರುತ್ತವೆ. ಮಲಗಿರುವಾಗ ಅವನ್ನು ಯಾವ ಮೈಕ್ರೋಸ್ಕೋಪೂ ತೋರಿಸುವುದಿಲ್ಲ. ಮೂರು ದಿನದ ಮಾತ್ರೆ ರಕ್ತದಲ್ಲಿರುವುದನ್ನು ಮಾತ್ರ ಕೊಲ್ಲುತ್ತದೆ. ಮಲಗಿದ್ದನ್ನು ಕೊಲ್ಲಲು ಹದಿನಾಲ್ಕು ದಿನದ್ದೇ ಬೇಕು.

ನನ್ನ ತಮ್ಮನ ಲಿವರಿನಲ್ಲಿ ಹೀಗೆ ಮಲಗಿತ್ತು.

ನನಗಿಂತ ಹತ್ತು ವರ್ಷ ಚಿಕ್ಕವನು. ಬಡವನಹಳ್ಳಿಯ ಹತ್ತಿರದ ನಮ್ಮೂರಿನಲ್ಲಿ ಅವ್ವ ಹೊಲಕ್ಕೆ ಹೋದರೆ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದವಳು ನಾನು. ಈಗ ಅವನಿಗೆ ಹೆಂಡತಿ, ಕಾಲೇಜಿಗೆ ಹೋಗುವ ಮಗಳು. ಕೆಲಸ ಪಾವಗಡದ ವಳ್ಳೂರಿನ ಕಡೆ ಸೋಲಾರ್ ಪಾರ್ಕಿನಲ್ಲಿ, ಪ್ಯಾನೆಲ್ ತೊಳೆಯುವುದು. ಟ್ರಾಕ್ಟರಿಗೆ ನೀರಿನ ಟ್ಯಾಂಕರ್ ಕಟ್ಟಿಕೊಂಡು ಸಾಲು ಸಾಲಿಗೆ ನೀರು ಹೊಡೆದು ಧೂಳು ಒರೆಸಬೇಕು. ಅಲ್ಲೇ ಶೆಡ್ಡಿನಲ್ಲಿ ವಾಸ, ವಾರಕ್ಕೊಮ್ಮೆ ಊರಿಗೆ. ಮಳೆಯೇ ಕಾಣದ ಪಾವಗಡದಲ್ಲಿ ಸೊಳ್ಳೆ ಎಲ್ಲಿಂದ ಬಂತು ಎಂದು ಜನ ಈಗಲೂ ಕೇಳುತ್ತಾರೆ. ಮುಚ್ಚಳವಿಲ್ಲದ ಒಂದು ನೀರಿನ ತೊಟ್ಟಿ ಇದ್ದರೆ ಅದಕ್ಕೆ ಸಾಕು.

ಮೊದಲ ಸಲ ಜ್ವರ ಬಂದಾಗ ಅವನ ರಕ್ತವನ್ನು ನಾನೇ ನೋಡಿದೆ, ಉಂಗುರ ನಾನೇ ಕಂಡೆ, ಮಾತ್ರೆಯನ್ನೂ ನಾನೇ ಕೈಗೆ ಕೊಟ್ಟೆ. ಹದಿನಾಲ್ಕು ದಿನದ್ದನ್ನು ಎರಡು ದಿನ ನುಂಗಿ ಬಿಟ್ಟ. ನಾಲ್ಕು ತಿಂಗಳಿಗೆ ಜ್ವರ ಮತ್ತೆ ಬಂತು. ಮತ್ತೆ ಎರಡೇ ದಿನ. “ಹೀಟಾಗ್ತದೆ ಅಕ್ಕ” ಅಂದ. ನನ್ನ ತಮ್ಮನೇ! ಇಡೀ ತಾಲ್ಲೂಕಿಗೆ ಬುದ್ಧಿ ಹೇಳುವವಳ ಮನೆಯಲ್ಲೇ ಇಂಥವನೊಬ್ಬ ಇದ್ದಾನಲ್ಲ ಎಂದು ನಾಚಿಕೆಯಾಯಿತು. ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ.

ಮೂರನೆಯ ಸಲ ಬಂದಾಗ ಅವನು ಅರ್ಧ ಆಗಿದ್ದ. ಇನ್ನೊಂದು ಸಲ ಮಲಗಿದರೆ ಮೇಸ್ತ್ರಿ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಎಂದಿದ್ದನಂತೆ. ಕೆಲಸದ ಮಾತು ಹಾಗಿರಲಿ, ಹೀಗೆ ಮತ್ತೆ ಮತ್ತೆ ಜ್ವರ ಹೊಡೆದರೆ ಮೈಯಲ್ಲಿ ರಕ್ತ ಉಳಿಯುವುದಾದರೂ ಹೇಗೆ? ಈ ಸಲ ಮಲಗಿದ್ದನ್ನು ಕೊಂದೇ ಬಿಡಬೇಕು ಎಂದು ಹಟ ಹಿಡಿದೆ. ನಮ್ಮ ಡಾಕ್ಟರು ಚೀಟಿ ಬರೆದರು. ಅವನನ್ನು ಮಧುಗಿರಿಯ ನಮ್ಮ ಮನೆಗೆ ಕರೆದುಕೊಂಡು ಬಂದು, “ಹದಿನಾಲ್ಕು ದಿನ ಇಲ್ಲೇ ಬಿದ್ದಿರು. ನನ್ನ ಕಣ್ಮುಂದೆ ನುಂಗಬೇಕು” ಅಂದೆ.

ಅವ್ವ ಊರಿಂದ ಅವನ ಜೊತೆಗೇ ಬಂದಿದ್ದಳು. ಮಾತ್ರೆಯ ಪಟ್ಟಿ ನೋಡಿದ್ದೇ ಅವಳ ಮುಖ ಕಪ್ಪಿಟ್ಟಿತು.

“ಬ್ಯಾಡ ಕಣಮ್ಮ. ನಮ್ಮ ತವರಿನ ಗಂಡುಸ್ರಿಗೆ ಈ ಜ್ವರದ ಮಾತ್ರೆ ಆಗಕ್ಕಿಲ್ಲ. ನಮ್ಮಣ್ಣ ಇಂಗೇ ಮಾತ್ರೆ ನುಂಗಿ, ಉಷ್ಣ ಹೊಡ್ದು ಹೋಗ್ಬುಟ್ಟ. ಇವ್ನೂ ನನ್ನ ತವರಿನ ರಕ್ತವೇ.”

ಆ ಕತೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಅವ್ವನ ಅಣ್ಣ ಮದುವೆಯಾಗುವ ವಯಸ್ಸಿನಲ್ಲಿ ಹೋದ. ಮನೆ ಮನೆಗೆ ಮಾತ್ರೆ ಹಂಚಲು ಬಂದವನು ಕೊಟ್ಟಿದ್ದನ್ನು ನುಂಗಿ ನಾಲ್ಕು ದಿನಕ್ಕೆ ‘ಉಷ್ಣ ಹೊಡೆಯಿತು’. ಅವತ್ತಿನಿಂದ ಅವಳ ತವರಿನಲ್ಲಿ ಗಂಡಸರಿಗೆ ಚಳಿಜ್ವರ ಬಂದರೆ ಸರ್ಕಾರಿ ಮಾತ್ರೆ ಮುಟ್ಟಿಸುವುದಿಲ್ಲ, ಕಷಾಯ ಮಾತ್ರ. ಹೆಂಗಸರಿಗೆ ಕೊಡುತ್ತಾರೆ. ನನಗೆ ನಗು ಬರುತ್ತಿತ್ತು. ಮಾತ್ರೆಗೇನು ಗಂಡಸು ಹೆಂಗಸು ಗೊತ್ತಾಗುತ್ತದೆಯೇ?

“ಅವ್ವ, ಸುಮ್ನೆ ಕೂತ್ಕೋ. ಉಷ್ಣ ಹೊಡ್ದು ಯಾರೂ ಸಾಯಲ್ಲ. ಮೂವತ್ತು ವರ್ಷ ನಾನೇನು ಕತ್ತೆ ಕಾಯ್ದೆನಾ?”

ಅವ್ವ ಸುಮ್ಮನಾದಳು. ನನ್ನ ಸಂಬಳ, ನನ್ನ ಓದು, ನನ್ನ ಬಾಯಿ, ಇವೆಲ್ಲದರ ಮುಂದೆ ಅವಳು ಯಾವಾಗಲೂ ಸುಮ್ಮನಾಗುತ್ತಿದ್ದಳು.

ಈ ಮಾತ್ರೆಯ ಜೊತೆಗೆ ನಮ್ಮಲ್ಲಿ ಒಂದು ಕಾರ್ಡು ಕೊಡುತ್ತಿದ್ದೆವು. ದಿನಕ್ಕೊಂದು ಸಾಲು. ಮಾತ್ರೆ ನುಂಗಿದರೇ ಎಂದು ಒಂದು ಮನೆ, ಮೂತ್ರದ ಬಣ್ಣ ಹೇಗಿದೆ ಎಂದು ಇನ್ನೊಂದು ಮನೆ. ಕೆಲವರ ರಕ್ತಕಣದಲ್ಲಿ ಅದನ್ನು ಕಾಯುವ ಒಂದು ಅಂಶವೇ ಹುಟ್ಟಿನಿಂದ ಕಡಿಮೆ ಇರುತ್ತದೆ. ಅಂಥವರಿಗೆ ಈ ಮಾತ್ರೆ ಕೊಟ್ಟರೆ ರೋಗಾಣುವಿನ ಜೊತೆ ರಕ್ತಕಣಗಳೂ ಒಡೆಯುತ್ತವೆ. ಒಡೆದ ರಕ್ತ ಮೂತ್ರದಲ್ಲಿ ಇಳಿಯುತ್ತದೆ, ಬಣ್ಣ ಕಪ್ಪಾಗುತ್ತದೆ. ಆ ಬಣ್ಣ ಕಂಡ ಕ್ಷಣ ಮಾತ್ರೆ ನಿಲ್ಲಿಸಬೇಕು. ಮೊದಲೇ ತಿಳಿಯಲು ಒಂದು ರಕ್ತಪರೀಕ್ಷೆ ಇದೆ. ನಮ್ಮ ಕೇಂದ್ರದಲ್ಲಿ ಅದು ಇರಲಿಲ್ಲ, ದೂರ ಕಳಿಸಿ ಮಾಡಿಸುವ ಅಭ್ಯಾಸವೂ ಇರಲಿಲ್ಲ. ಹಾಗಾಗಿ ಮೂತ್ರದ ಬಣ್ಣ ಕೇಳುವುದೇ ನಮ್ಮ ಪರೀಕ್ಷೆ. ಸಾವಿರಾರು ಜನ ಗಂಡಸರನ್ನು ಮುಖ ಕೊಟ್ಟು ಕೇಳಿದ್ದೇನೆ: “ಏನಪ್ಪಾ, ಉಚ್ಚೆ ಯಾವ ಬಣ್ಣ ಹೋಯ್ತು?” ನನಗೆ ನಾಚಿಕೆ ಎಂಬುದೇ ಇಲ್ಲ ಎಂದು ಹಿಂದಿನಿಂದ ನಗುತ್ತಿದ್ದರು. ನಗಲಿ ಎಂದುಕೊಂಡಿದ್ದೆ.

ತಮ್ಮನನ್ನು ಕೇಳಲು ಮಾತ್ರ ನನಗೆ ಬಾಯಿ ಬರಲಿಲ್ಲ. ನಲವತ್ತೊಂಬತ್ತು ವರ್ಷದ ಗಂಡಸು, ಒಡಹುಟ್ಟಿದವನು. ನಮ್ಮ ಮನೆಗಳಲ್ಲಿ ಅಕ್ಕ ತಮ್ಮಂದಿರು ಅಂಥ ಮಾತು ಆಡುವುದಿಲ್ಲ. ಬಚ್ಚಲಿಗೆ ಹೋಗುವಾಗ ಎದುರಿಗೆ ಸಿಕ್ಕರೂ ಬೇರೆ ಕಡೆ ನೋಡುತ್ತೇವೆ. ಮೊದಲ ದಿನ ಕಾರ್ಡಿನ ಆ ಮನೆಯಲ್ಲಿ ನಾನೇ ‘ಸಾಮಾನ್ಯ’ ಎಂದು ಬರೆದೆ. ಏನಾದರೂ ಆದರೆ ಹೇಳುತ್ತಾನಲ್ಲ, ಬಾಯಿಲ್ಲವೇ ಅವನಿಗೆ ಅಂದುಕೊಂಡೆ.

“ಬಾಯಿ ತೆಗಿ. ನಾಲಿಗೆ ಎತ್ತು” ಅಂದೆ. ನಾಲಿಗೆಯ ಕೆಳಗೆ ಮಾತ್ರೆ ಬಚ್ಚಿಟ್ಟುಕೊಂಡು ಆಮೇಲೆ ಉಗಿಯುವವರನ್ನು ಬೇಕಾದಷ್ಟು ನೋಡಿದ್ದೆ.

“ನಾನೇನು ಎಳೇ ಮಗೂನಾ ಅಕ್ಕ” ಎಂದು ನಕ್ಕ. ಆದರೂ ಎತ್ತಿ ತೋರಿಸಿದ.

ಮೂರನೆಯ ದಿನ ಬೆಳಿಗ್ಗೆ, “ಅಕ್ಕ, ಯಾಕೋ ಭಾಳ ಹೀಟಾಗದೆ” ಅಂದ. ಮಾಡುತ್ತೇನೆ ನಿನಗೆ ಎಂದುಕೊಂಡು, “ಶುರುವಾಯ್ತಾ ನಿನ್ನ ರಾಗ?” ಅಂದೆ. ಅವ್ವ ನನ್ನ ಜೊತೆ ಮಾತಾಡದೆ ಅವನ ನೆತ್ತಿಗೂ ಅಂಗಾಲಿಗೂ ಹರಳೆಣ್ಣೆ ತಿಕ್ಕಿದಳು, ಬಾರ್ಲಿ ಗಂಜಿ ಕಾಯಿಸಿ ಕೊಟ್ಟಳು. ಅವನು ಕುಡಿದ. ಅವನ ಮುಂದೆ ಮಾತ್ರೆ ಹಿಡಿದೆ, ನುಂಗಿದ, ನಾಲಿಗೆ ಎತ್ತಿದ. ಸಾಮಾನ್ಯ ಎಂದು ಬರೆದು ಕೆಲಸಕ್ಕೆ ಹೋದೆ.

ನಾಲ್ಕನೆಯ ದಿನ ಸೊಂಟ ನೋವು ಅಂದ. ಐದನೆಯ ದಿನ ಅವನ ಕಣ್ಣು ಹಳದಿಯಾಗಿತ್ತು. ಮಲೇರಿಯಾದಲ್ಲೂ ಕಣ್ಣು ಹಳದಿಯಾಗುತ್ತದೆ, ಎಷ್ಟೋ ಜನರಲ್ಲಿ ನೋಡಿದ್ದೇನೆ, ಜ್ವರದ ಉಳಿಕೆ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವನು ಊಟ ಬೇಡ ಅಂದ. “ಇವತ್ತೊಂದಿನ ಮಾತ್ರೆ ಬ್ಯಾಡ ಅಕ್ಕ. ಹೀಟು ತಡ್ಕಳಕ್ಕಾಗ್ತಿಲ್ಲ.”

“ಲೇ, ಇನ್ನೊಂಬತ್ತು ದಿನ ಕಣ್ಲಾ. ಆಮೇಲೆ ಜನ್ಮದಲ್ಲಿ ಈ ಜ್ವರ ನಿನ್ನ ಹತ್ರ ಸುಳಿಯಲ್ಲ. ನಿನ್ನ ಮಗಳ ಮುಖ ನೋಡ್ಕೊಂಡಾದ್ರೂ ನುಂಗು.”

ಮಗಳ ಹೆಸರು ಎತ್ತಿದ್ದಕ್ಕೆ ನುಂಗಿದ. ಅವನ ನಾಲಿಗೆ ಸುಣ್ಣದ ಹಾಗೆ ಬೆಳ್ಳಗಿತ್ತು. ಅದನ್ನು ಕಂಡೆ. ಕಂಡೂ ಸಾಮಾನ್ಯ ಎಂದೇ ಬರೆದೆ.

ಆರನೆಯ ದಿನ ಮಾತ್ರೆ ನುಂಗಿದವನು ಬಚ್ಚಲಿಗೆ ಹೋಗಿ ಬಾಗಿಲಲ್ಲೇ ಬಿದ್ದ. ಬಿದ್ದ ಸದ್ದಿಗೆ ಓಡಿದೆ. ನೀರು ಸುರಿಯುವಷ್ಟು ಶಕ್ತಿ ಅವನಿಗೆ ಅವತ್ತು ಇರಲಿಲ್ಲ, ಅದಕ್ಕೇ ನನಗೆ ಕಂಡಿತು. ಬಿಳಿಯ ಕಲ್ಲಿನ ಮೇಲೆ ಗಟ್ಟಿ ಕಾಫಿ ಡಿಕಾಕ್ಷನ್ನಿನ ಬಣ್ಣ. ನಾನು ಮೂವತ್ತು ವರ್ಷ ಕೇಳಿ ಕೇಳಿ, ಒಮ್ಮೆಯೂ ಕಣ್ಣಾರೆ ನೋಡದಿದ್ದ ಬಣ್ಣ.

“ಯಾವಾಗಿಂದ್ಲಾ ಇದು?”

“ಮೂರು ದಿನ ಆಯ್ತು.”

“ಯಾಕ್ಲಾ ಹೇಳ್ಲಿಲ್ಲ? ಯಾಕೋ ಹೇಳ್ಲಿಲ್ಲ ನೀನು?”

“ಹೇಳಿದ್ನಲ್ಲ ಅಕ್ಕ. ಹೀಟಾಗದೆ ಅಂದ್ನಲ್ಲ.”

ಹೌದು, ಹೇಳಿದ್ದ. ದಿನಾ ಹೇಳಿದ್ದ. ಅಕ್ಕನ ಮುಂದೆ ಮರ್ಯಾದಸ್ಥ ಗಂಡಸು ಅದನ್ನು ಹೇಳಬಹುದಾದ ಮಾತು ಅದೊಂದೇ ಆಗಿತ್ತು. ಹೋದ ಎರಡು ಸಲವೂ ಬಣ್ಣ ತಿರುಗುತ್ತಿದ್ದ ಹಾಗೆಯೇ ಮಾತ್ರೆ ಬಿಟ್ಟಿದ್ದಾನೆ. ನಾನು ಸೋಮಾರಿತನ ಅಂದುಕೊಂಡು ಬೈದೆನಲ್ಲ, ಅದೇ ಅವನನ್ನು ಎರಡು ಸಲ ಉಳಿಸಿತ್ತು. ಮೂರನೆಯ ಸಲ ಅವನಿಗೆ ನಾನು ಸಿಕ್ಕಿದೆ.

ತುಮಕೂರಿನ ದೊಡ್ಡ ಆಸ್ಪತ್ರೆಗೆ ಒಯ್ದೆವು. ಅಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನವರು, ಕಾರ್ಡು ಕೇಳಿದರು. ಕೊಟ್ಟೆ. ಸಾಲಾಗಿ ಐದು ‘ಸಾಮಾನ್ಯ’, ದುಂಡಗಿನ ನನ್ನ ಅಕ್ಷರ.

“ಐದು ದಿನಾನೂ ನಾರ್ಮಲ್ ಇತ್ತಾ ಮೇಡಂ?”

“ನಾನು ಕೇಳೇ ಇಲ್ಲ ಸಾರ್.”

ಅವರು ಬೈಯಲಿಲ್ಲ. ಕಾರ್ಡನ್ನು ಫೈಲಿನೊಳಗೆ ಇಟ್ಟರು. ಬೈದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಹೊರಗೆ ಬೆಂಚಿನ ಮೇಲೆ ಅವ್ವ ಕೂತಿದ್ದಳು. ರಕ್ತ ಒಡೆದು ಕಪ್ಪಾಗಿ ಹೋಗುತ್ತಿದೆಯಂತೆ ಎಂದು ಅವಳಿಗೆ ತಿಳಿಯುವ ಹಾಗೆ ಹೇಳಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡಳು.

“ನಮ್ಮಣ್ಣಂಗೂ ಅಂಗೇ ಆಗಿತ್ತು ಕಣೇ. ಕಾಫಿ ಬಣ್ಣಕ್ಕೆ. ನಮ್ಮವ್ವ ಬಟ್ಟೆ ಒಗ್ಯಾಕೆ ಹೋದಾಗ ಕಂಡಿದ್ಲು.”

“ಯಾಕವ್ವ, ಇದ್ನ ಒಂದ್ಸಲಾನೂ ಹೇಳ್ಲಿಲ್ವಲ್ಲ ನೀನು!”

“ಗಂಡುಸ್ರ ಉಚ್ಚೆ ಮಾತ ಯಾರಾದ್ರೂ ಬಾಯಲ್ಲಿ ಆಡ್ತಾರಾ? ಉಷ್ಣ ಹೊಡೀತು ಅಂತ ಹೇಳಿದ್ನಲ್ಲ.”

ಆಮೇಲೆ ಆ ರಕ್ತಪರೀಕ್ಷೆ ಮಾಡಿಸಿದರು. ಆ ಅಂಶ ಅವನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ವಿವರಿಸಿದರು: ಇದು ತಾಯಿಯ ಕಡೆಯಿಂದ ಬರುತ್ತದೆ, ಹೆಚ್ಚಾಗಿ ಕಾಡುವುದು ಗಂಡುಮಕ್ಕಳನ್ನು, ಹೆಣ್ಣುಮಕ್ಕಳು ಹೊತ್ತು ಮುಂದಕ್ಕೆ ದಾಟಿಸುತ್ತಾರೆ. ಅವ್ವನ ತವರಿನ ಅಡುಗೆಮನೆಯಲ್ಲಿ ಓದು ಬರೆಹ ಬಾರದ ಹೆಂಗಸರು ಒಂದು ಸಾವಿನಿಂದ ಇಷ್ಟನ್ನೂ ಕಲಿತು, ಉಷ್ಣ ಎಂಬ ಒಂದು ಮಾತಿನಲ್ಲಿ ಕಟ್ಟಿಟ್ಟಿದ್ದರು. ನಮ್ಮ ಗಂಡಸರಿಗೆ ಈ ಮಾತ್ರೆ ಆಗುವುದಿಲ್ಲ. ಅಷ್ಟೇ. ನೂರಕ್ಕೆ ನೂರು ಸರಿ. ತಮ್ಮನ ಮಗಳೂ ಈಗ ಅದನ್ನು ಹೊತ್ತಿದ್ದಾಳೆ. ಅವಳಿಗೆ ಇನ್ನೂ ಹೇಳಿಲ್ಲ. ಹೇಳಬೇಕಾದವಳು ನಾನೇ, ನನಗೆ ಧೈರ್ಯ ಬರುತ್ತಿಲ್ಲ.

ಒಡೆದ ರಕ್ತವೆಲ್ಲ ಮೂತ್ರಪಿಂಡದಲ್ಲಿ ಕಟ್ಟಿಕೊಂಡಿತು. ಒಂದೆರಡು ತಿಂಗಳಲ್ಲಿ ಸರಿಹೋಗಬಹುದು ಅಂದಿದ್ದರು. ಹೋಗಲಿಲ್ಲ. ಈಗ ವಾರಕ್ಕೆ ಎರಡು ಸಲ ಡಯಾಲಿಸಿಸ್, ಕುಡಿಯುವ ನೀರೂ ಅಳತೆಯಲ್ಲಿ. ಬೆಳಿಗ್ಗೆ ಮಧುಗಿರಿಯಲ್ಲಿ ಬಸ್ಸು ಹತ್ತಿ, ಕೊರಟಗೆರೆ ಮೇಲೆ ತುಮಕೂರಿಗೆ ಹೋಗಿ, ಸಂಜೆಗೆ ವಾಪಸ್ಸು ಬರುತ್ತೇವೆ. ಜೊತೆಗೆ ಹೋಗುವುದು ನಾನೇ. ಈ ಓಡಾಟ ಶುರುವಾದಾಗ ನಿವೃತ್ತಿಗೆ ಇನ್ನೂ ನಾಲ್ಕು ತಿಂಗಳಿತ್ತು, ಉಳಿದ ರಜೆಯೆಲ್ಲ ಅದಕ್ಕೇ ಹೋಯಿತು. ಅವನ ಜೊತೆ ಈಗ ನಮ್ಮ ಮನೆಯಲ್ಲೇ ಇರುವ ಅವನ ಹೆಂಡತಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬುತ್ತಿ ಕಟ್ಟಿ ಕೈಗೆ ಕೊಡುತ್ತಾಳೆ, ಮುಖ ನೋಡುವುದಿಲ್ಲ. ಅಷ್ಟು ಕೋಪ ಅವಳಿಗೆ ಇರಲೇಬೇಕು.

ಒಂದು ದಿನ ಬಸ್ಸಿನಲ್ಲಿ ಅವನು ಕೇಳಿದ, “ಮಲೇರಿಯಾಕ್ಕೆ ಲಸಿಕೆ ಬಂದದಂತಲ್ಲ ಅಕ್ಕ. ಟೀವೀಲಿ ತೋರುಸ್ತಿದ್ರು.”

“ಬಂದದೆ.”

“ಮತ್ತೆ?”

ಮತ್ತೆ ಏನು ಹೇಳಲಿ? ಅದು ಬೇರೆ ಜಾತಿಯ ಮಲೇರಿಯಾಕ್ಕೆ, ಆಫ್ರಿಕಾದ ಚಿಕ್ಕ ಮಕ್ಕಳಿಗೆ. ಅದೂ ಪೂರ್ತಿ ತಡೆಯುವುದಿಲ್ಲ. ನಮ್ಮ ಈ ಮಲಗುವ ಜಾತಿಯನ್ನು ಲ್ಯಾಬಿನಲ್ಲಿ ಸಾಕುವುದೇ ಕಷ್ಟವಂತೆ; ಆಗಷ್ಟೇ ಹುಟ್ಟಿದ ಎಳೆಯ ರಕ್ತಕಣವೇ ಅದಕ್ಕೆ ಬೇಕು. ಸಾಕಲೇ ಆಗದಿದ್ದರೆ ಲಸಿಕೆಯನ್ನು ಯಾವುದರ ಮೇಲೆ ನೋಡುತ್ತಾರೆ? ಪ್ರಯತ್ನ ನಡೆದಿದೆ ಎಂದು ಪ್ರತಿ ತರಬೇತಿಯಲ್ಲೂ ಹೇಳುತ್ತಾರೆ, ನಾವು ಚಹಾ ಕುಡಿದು ಬರುತ್ತೇವೆ. ಹದಿನಾಲ್ಕು ದಿನದ ಬದಲು ಒಂದೇ ಸಲ ನುಂಗುವ ಮಾತ್ರೆಯೂ ಬಂದಿದೆ ಅಂದರು. ಅದೂ ಇದೇ ಕುಲದ್ದು, ಇವನ ರಕ್ತವನ್ನು ಅದೂ ಒಡೆಯುತ್ತದೆ. ಎಲ್ಲ ಬಾಗಿಲನ್ನೂ ತಟ್ಟಿ ನೋಡಿಯಾಗಿದೆ.

“ನಮ್ಮ ಕಡೆಗೂ ಬರ್ತದೆ ತಡಿ” ಅಂದೆ. ಅವನು ಕಿಟಕಿಯ ಕಡೆ ತಿರುಗಿದ.

ಹೋದ ತಿಂಗಳು, ತುಮಕೂರಿಂದ ವಾಪಸ್ಸು ಬರುವಾಗ, ಕೊರಟಗೆರೆ ದಾಟುತ್ತಿದ್ದ ಹಾಗೆ ಅವನ ಹಲ್ಲು ಕಟಕಟ ಅನ್ನತೊಡಗಿತು. ಅಂಥಾ ಬಿಸಿಲಿನಲ್ಲಿ. ನನ್ನ ಸೆರಗು ಹೊದಿಸಿ ಹಿಡಿದುಕೊಂಡೆ, ಮೈ ಸೀಟಿನ ಸಮೇತ ಅದುರುತ್ತಿತ್ತು. ಆರು ದಿನ ಅವನ ರಕ್ತ ಒಡೆಸಿದೆನಲ್ಲ, ಅಷ್ಟಕ್ಕೆ ಆ ದರಿದ್ರದ್ದು ಸತ್ತಿರಲೇ ಇಲ್ಲ. ಮಲಗೇ ಇತ್ತು.

ನಾನು ನಿವೃತ್ತಳಾಗಿದ್ದರೂ ಕೇಂದ್ರದಲ್ಲಿ ನನ್ನ ಜಾಗಕ್ಕೆ ಬಂದ ಹುಡುಗಿ, “ನೀವೇ ನೋಡಿ ಮೇಡಂ” ಎಂದು ಸ್ಟೂಲು ಬಿಟ್ಟುಕೊಟ್ಟಳು. ಲೆನ್ಸಿಗೆ ಕಣ್ಣಿಟ್ಟೆ. ತಮ್ಮನ ರಕ್ತ ಮೊದಲಿನ ಅರ್ಧದಷ್ಟೂ ಗಟ್ಟಿ ಇರಲಿಲ್ಲ. ಅದರಲ್ಲೇ ಒಂದು ನೀಲಿ ಉಂಗುರ, ಅದೇ ಕೆಂಪು ಹರಳು. ಎಷ್ಟೋ ಹೊತ್ತು ಕಣ್ಣು ತೆಗೆಯಲಿಲ್ಲ. ತೆಗೆದರೆ ಅವನ ಮುಖ ನೋಡಬೇಕಿತ್ತು.

ತುಮಕೂರಿನ ಡಾಕ್ಟರಿಗೆ ಫೋನು ಮಾಡಿ ಕೇಳಿದೆ. ಮೂರು ದಿನದ್ದನ್ನು ಮಾತ್ರ ಕೊಡಿ, ಇನ್ನೊಂದನ್ನು ಇವರಿಗೆ ಜನ್ಮದಲ್ಲಿ ಮುಟ್ಟಿಸಬೇಡಿ ಅಂದರು. ಹಾಗಾದರೆ ಲಿವರಿನಲ್ಲಿ ಇರುವುದು? ಅದು ಇರುತ್ತದೆ, ಎದ್ದಾಗ ಎದ್ದಾಗ ಹೀಗೇ ನೋಡಿಕೊಳ್ಳಬೇಕು ಮೇಡಂ ಅಂದರು. ಇನ್ನೆಷ್ಟು ಸಲ ತಡೆಯುತ್ತಾನೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮನೆಗೆ ಬಂದು ಮಾತ್ರೆ ಕೊಟ್ಟೆ. ಯಾವ ಮಾತ್ರೆ ಎಂದು ಅವನು ಕೇಳಲೇ ಇಲ್ಲ. ನನ್ನ ಕೈಯಿಂದಲೇ ತೆಗೆದುಕೊಂಡ.

“ಅಕ್ಕ, ಈ ಸಲನಾದ್ರೂ ಪೂರ್ತಿ ಹೋಗ್ತದಾ?”

“ಹೋಗ್ತದೆ ಕಣ್ಲಾ” ಅಂದೆ.

ಅಳೆದು ಕೊಟ್ಟ ಎರಡು ಗುಟುಕು ನೀರಿನಲ್ಲಿ ನುಂಗಿದ. ಆಮೇಲೆ, ನಾನು ಕೇಳದಿದ್ದರೂ, ನನ್ನ ಕಡೆ ತಿರುಗಿ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದ.